ಮುಂಗುಸಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಲದ ಬದು, ತೋಟದ ಬೇಲಿ, ಪಾಳುಬಿದ್ದ ಮಂಟಪ, ಬೆಂಗಳೂರಿನ ಖಾಲಿ ಸೈಟು. ಹಗಲು ಹೊತ್ತಿನಲ್ಲೇ, ಊರಿನ ಅಂಚಿನಲ್ಲೇ ಕಣ್ಣಿಗೆ ಬೀಳುವ ಕಾಡು ಬೇಟೆಗಾರ ಪ್ರಾಣಿ ಎಂದರೆ ಮುಂಗುಸಿ. ಆದರೂ ಅದರ ಹೆಸರೆತ್ತಿದರೆ ಮಾತು ನೇರ ಹಾವಿಗೆ ಹೋಗಿಬಿಡುತ್ತದೆ. ಹಾವಿನ ಜಗಳ ಅದರ ಬದುಕಿನಲ್ಲಿ ಯಾವಾಗಲೋ ಒಮ್ಮೆ ಬರುವ ಪ್ರಸಂಗ. ದಿನನಿತ್ಯದ ದುಡಿಮೆ ಬೇರೆಯೇ ಇದೆ. ಕೆಳಗಿನ ಉತ್ತರಗಳಲ್ಲಿ ಬರೀ ‘ಮುಂಗುಸಿ’ ಎಂದಿದ್ದರೆ ಅದು ನಮ್ಮೂರುಗಳ ಸುತ್ತ ಕಾಣುವ ಬೂದು ಮುಂಗುಸಿ ಎಂದು ತಿಳಿಯಿರಿ. ಬೇರೆ ಬಗೆಯದ್ದಾದರೆ ಹೆಸರು ಹಿಡಿದೇ ಹೇಳಿದ್ದೇನೆ.

ಪ್ರಶ್ನೆ: ಮುಂಗುಸಿ ಇಲಿ, ಅಳಿಲುಗಳ ಪೈಕಿಯೇ?

ಅಲ್ಲ. ಇಲಿ, ಅಳಿಲು ದಂಶಕಗಳು. ಮುಂಗುಸಿ ಹುಲಿ, ಕರಡಿ, ನಾಯಿಗಳಿರುವ ಕಾರ್ನಿವೋರ (ಮಾಂಸಾಹಾರಿ) ಗಣಕ್ಕೆ ಸೇರಿದ್ದು. ಈ ಗಣದಲ್ಲಿ ನಾಯಿಯ ಕಡೆಯದೊಂದು ಕವಲು, ಬೆಕ್ಕಿನ ಕಡೆಯದೊಂದು ಕವಲು ಇದೆ. ಮುಂಗುಸಿ ಬೆಕ್ಕಿನ ಕಡೆಯದು. ಅದರ ಹತ್ತಿರದ ನೆಂಟರೆಂದರೆ ಕತ್ತೆಕಿರುಬ, ಆಮೇಲೆ ಪುನುಗು ಬೆಕ್ಕು. ಮುಂಗುಸಿಗಳಿಗೆಂದೇ ಹರ್ಪೆಸ್ಟಿಡೇ ಎಂಬ ಪ್ರತ್ಯೇಕ ಕುಟುಂಬವಿದೆ. ಟೀವಿಯಲ್ಲಿ ಎರಡು ಕಾಲ ಮೇಲೆ ನಿಂತು ಕಾವಲು ಕಾಯುವ ಆಫ್ರಿಕಾದ ಮೀರ್‌ಕ್ಯಾಟ್ ಕೂಡ ಇದೇ ಕುಟುಂಬದ್ದು.

ಯೂರೋಪಿನ ವೀಸಲ್‌ಗಳಿಗೂ ಮುಂಗುಸಿಗೂ ಹೋಲಿಕೆ ಕಾಣುತ್ತದಲ್ಲ ಎಂದು ಕೆಲವರು ಕೇಳುವುದುಂಟು. ಉದ್ದ ಮೈ, ಗಿಡ್ಡ ಕಾಲು, ಚೂಪು ಮೂತಿ ಎರಡಕ್ಕೂ ಇವೆ. ಬಿಲದೊಳಗೆ, ಪೊದೆಯ ಬುಡದಲ್ಲಿ ನುಗ್ಗಿ ಬೇಟೆ ಹಿಡಿಯುವ ಕಸುಬು ಇಬ್ಬರದೂ ಒಂದೇ ಆದ್ದರಿಂದ ಮೈಕಟ್ಟೂ ಹಾಗೇ ಬಂದಿದೆ. ವೀಸಲ್ ನಾಯಿಯ ಕವಲಿನದು, ರಕ್ತಸಂಬಂಧ ದೂರದ್ದು.

ಪ್ರಶ್ನೆ: ಬೂದು ಮುಂಗುಸಿಯ ವೈಜ್ಞಾನಿಕ ಹೆಸರು ಕೆಲವು ಪುಸ್ತಕಗಳಲ್ಲಿ ಹರ್ಪೆಸ್ಟಿಸ್ ಎಡ್ವರ್ಡ್ಸಿಯೈ ಎಂದಿದೆ, ಇನ್ನು ಕೆಲವೆಡೆ ಊರ್ವ ಎಡ್ವರ್ಡ್ಸಿಯೈ ಎಂದಿದೆ. ಯಾವುದು ಸರಿ?

ಈಗ ಚಾಲ್ತಿಯಲ್ಲಿರುವುದು ಊರ್ವ. 1818ರಲ್ಲಿ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಎತಿಯೆನ್ ಜೋಫ್ರೋಯ್ ಸಂತಿಲೇರ್ ಇದನ್ನು ವಿವರಿಸಿದ. ಬಹುಕಾಲ ಏಷ್ಯಾದ ಮುಂಗುಸಿಗಳನ್ನು ಆಫ್ರಿಕಾದವುಗಳ ಜೊತೆಗೇ ಹರ್ಪೆಸ್ಟಿಸ್ ಎಂಬ ಒಂದೇ ಕುಲದಲ್ಲಿ ಇಡಲಾಗಿತ್ತು. ಡಿಎನ್‌ಎ ಹೋಲಿಸಿ ನೋಡಿದಾಗ ಏಷ್ಯಾದವು ಬೇರೆಯೇ ವಂಶ ಎಂದು ತಿಳಿದು ಕುಲದ ಹೆಸರು ಬದಲಾಯಿತು. ಪ್ರಾಣಿ ಅದೇ.

ಪ್ರಶ್ನೆ: ಎಷ್ಟು ದೊಡ್ಡದು? ಗುರುತು ಹೇಗೆ?

ಮೂತಿಯಿಂದ ಬಾಲದ ಬುಡದವರೆಗೆ 36ರಿಂದ 45 ಸೆಂಟಿಮೀಟರು. ಬಾಲವೂ ಹೆಚ್ಚುಕಡಿಮೆ ಅಷ್ಟೇ ಉದ್ದ. ತೂಕ ಸುಮಾರು 900 ಗ್ರಾಂನಿಂದ 1.7 ಕಿಲೋ, ಗಂಡು ತುಸು ದಪ್ಪ. ದೂರದಿಂದ ನೋಡಿದವರು ಬೂದು ಎನ್ನುತ್ತಾರೆ, ಇಳಿಬಿಸಿಲಿನಲ್ಲಿ ನೋಡಿದವರು ಕಂದು ಎನ್ನುತ್ತಾರೆ. ಎರಡೂ ಸರಿ. ಒಂದು ಕೂದಲು ಕೈಗೆ ಸಿಕ್ಕರೆ ಕಾರಣ ಗೊತ್ತಾಗುತ್ತದೆ. ಬುಡದಿಂದ ತುದಿಯವರೆಗೆ ಬಿಳಿಚು ಹಳದಿ, ಕಪ್ಪು, ಮತ್ತೆ ಬಿಳಿಚು ಹಳದಿ, ಮತ್ತೆ ಕಪ್ಪು ಎಂದು ಉಂಗುರಗಳು ಸರದಿಯಾಗಿ ಬರುತ್ತವೆ. ಇಂಥ ಸಾವಿರಾರು ಕೂದಲು ಒಟ್ಟಿಗೆ ಸೇರಿದಾಗ ಮೈ ಬಣ್ಣ ಬೆಳಕಿಗೆ ತಕ್ಕಂತೆ ಬದಲಾದ ಹಾಗೆ ಕಾಣುತ್ತದೆ, ಒಣಹುಲ್ಲಿನಲ್ಲಿ ನಿಂತರಂತೂ ಪತ್ತೆಯೇ ಆಗುವುದಿಲ್ಲ. ಈ ಕೂದಲೇ ಅದರ ಜೀವಕ್ಕೆ ಕುತ್ತಾಗಿದೆ. ಅದನ್ನು ಮುಂದೆ ಹೇಳುತ್ತೇನೆ.

ಕಣ್ಣಿನ ಪಾಪೆಯನ್ನೂ ಗಮನಿಸಿ. ಬೆಕ್ಕಿಗೆ ಅದು ಉದ್ದುದ್ದ ಸೀಳು, ಮುಂಗುಸಿಗೆ ಅಡ್ಡ ಸೀಳು. ಕಿವಿ ಗಿಡ್ಡ, ದುಂಡು, ತಲೆಗೆ ಅಂಟಿಕೊಂಡಂತಿರುತ್ತದೆ. ಉಗುರುಗಳನ್ನು ಬೆಕ್ಕಿನಂತೆ ಒಳಗೆಳೆದುಕೊಳ್ಳಲು ಬರುವುದಿಲ್ಲ; ಅವು ಸದಾ ಹೊರಗೇ ಇರುವ, ಮಣ್ಣು ಕೆರೆಯುವ ಉಗುರುಗಳು.

ಪ್ರಶ್ನೆ: ಕರ್ನಾಟಕದಲ್ಲಿ ಎಷ್ಟು ಬಗೆಯ ಮುಂಗುಸಿಗಳಿವೆ?

ಭಾರತದಲ್ಲಿ ಆರು ಪ್ರಭೇದಗಳಿವೆ. ಅವುಗಳಲ್ಲಿ ನಾಲ್ಕನ್ನು ನಮ್ಮ ರಾಜ್ಯದಲ್ಲೇ ನೋಡಬಹುದು. ಬೇರ್ಪಡಿಸಿ ಗುರುತಿಸಬೇಕೆಂದರೆ ಮೊದಲು ಬಾಲದ ತುದಿ ನೋಡಿ, ಅರ್ಧ ಕೆಲಸ ಮುಗಿದಂತೆ.

ಬೂದು ಮುಂಗುಸಿಯ ಬಾಲದ ತುದಿ ಕಪ್ಪಿರುವುದಿಲ್ಲ. ಮಾಸಲು ಅಥವಾ ತುಸು ಕೆಂಚು. ಬಯಲುಸೀಮೆಯ ಹೊಲ, ಕುರುಚಲು, ಊರಿನ ಅಂಚು ಇದರ ಜಾಗ.

ಕೆಂಚು ಮುಂಗುಸಿ ಗಾತ್ರದಲ್ಲಿ ಇದಕ್ಕೆ ಹತ್ತಿರವೇ. ಆದರೆ ಬಾಲದ ತುದಿ ಕಡುಗಪ್ಪು, ನಡೆಯುವಾಗ ಆ ತುದಿಯನ್ನು ಮೇಲಕ್ಕೆ ಬಾಗಿಸಿಕೊಂಡು ಹೋಗುತ್ತದೆ. ಊರಿನ ಸಹವಾಸ ಕಡಿಮೆ, ಒಣ ಎಲೆಯುದುರುವ ಕಾಡು ಇಷ್ಟ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಡೆ ಸಿಗುತ್ತದೆ.

ಪಟ್ಟೆ ಕತ್ತಿನ ಮುಂಗುಸಿ ಏಷ್ಯಾದ ಮುಂಗುಸಿಗಳಲ್ಲೇ ದೊಡ್ಡದು. ಕಿವಿಯ ಹಿಂದಿನಿಂದ ಭುಜದವರೆಗೆ ಕತ್ತಿನ ಪಕ್ಕದಲ್ಲಿ ಒಂದು ಕಪ್ಪು ಪಟ್ಟೆ, ಹಿಂಭಾಗಕ್ಕೆ ಹೋದಂತೆ ಕೆಂಪೇರುವ ಮೈ, ಬಾಲದ ತುದಿ ಕಪ್ಪು. ಪಶ್ಚಿಮ ಘಟ್ಟದ ತೇವದ ಕಾಡು, ಹಳ್ಳದ ದಂಡೆ ಇದರ ನೆಲೆ. ಏಡಿಯೂ ಇದರ ಊಟ. ನಾಗರಹೊಳೆಯ ಸಫಾರಿ ರಸ್ತೆಯಲ್ಲಿ ಹುಲಿಗಾಗಿ ಕಾದು ಕುಳಿತವರ ಮುಂದೆ ಇದು ಆರಾಮಾಗಿ ದಾಟಿ ಹೋಗುತ್ತದೆ, ಕ್ಯಾಮೆರಾ ಎತ್ತುವವರು ಕಡಿಮೆ. ನನ್ನನ್ನು ಕೇಳಿದರೆ ನಮ್ಮ ಕಾಡಿನ ಅತ್ಯಂತ ಚೆಲುವಾದ ಸಣ್ಣ ಪ್ರಾಣಿಗಳಲ್ಲಿ ಇದೂ ಒಂದು.

ನಾಲ್ಕನೆಯದು ಕಂದು ಮುಂಗುಸಿ. ದಕ್ಷಿಣ ಕೊಡಗಿನಿಂದ ಕೆಳಕ್ಕೆ ನೀಲಗಿರಿ, ಕೇರಳದ ಬೆಟ್ಟಸಾಲಿನವರೆಗೆ, ಜೊತೆಗೆ ಶ್ರೀಲಂಕಾದಲ್ಲಿ ಇದೆ. ಕಾಡಿನಲ್ಲೂ ಕಾಫಿ, ಟೀ ತೋಟಗಳಲ್ಲೂ ಓಡಾಡುತ್ತದೆ. ಕಪ್ಪಾದ ಮೈ, ಬಾಲ ತುಸು ಗಿಡ್ಡ. ಹೆಚ್ಚಾಗಿ ರಾತ್ರಿ ತಿರುಗುವುದರಿಂದ ತೋಟದ ಮಾಲೀಕರೇ ನೋಡಿರುವುದಿಲ್ಲ.

ಉಳಿದ ಎರಡರಲ್ಲಿ ಏಡಿ ತಿನ್ನುವ ಮುಂಗುಸಿ ಈಶಾನ್ಯ ಭಾರತದ್ದು. ಉತ್ತರ ಭಾರತದ ಬಯಲಿನ ಕಿರು ಮುಂಗುಸಿ ಒಂದು ಕಿಲೋ ಕೂಡ ತೂಗುವುದಿಲ್ಲ. ಪ್ರಪಂಚದ ಹಲವು ದ್ವೀಪಗಳಲ್ಲಿ ಮುಂಗುಸಿಯ ಹೆಸರು ಕೆಟ್ಟದ್ದು ಇದರಿಂದಲೇ.

ಪ್ರಶ್ನೆ: ಬೂದು ಮುಂಗುಸಿ ಭಾರತದ ಹೊರಗೆ ಎಲ್ಲೆಲ್ಲಿದೆ?

ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ, ಅಫ್ಘಾನಿಸ್ತಾನ, ಇರಾನ್. ಅಲ್ಲಿಂದಾಚೆ ಕೊಲ್ಲಿ ದೇಶಗಳಲ್ಲೂ ಇದೆ: ಸೌದಿ ಅರೇಬಿಯಾ, ಕುವೈತ್, ಬಹರೇನ್. ಬಹರೇನಿನ ರಾಜಧಾನಿ ಮನಾಮದಲ್ಲಿ ಕೆಲಸ ಮಾಡುವ ಮಂಗಳೂರಿನವರು ಖರ್ಜೂರದ ತೋಟದ ಬಳಿ ಮುಂಗುಸಿ ಕಂಡೆ ಎಂದರೆ ನಂಬಿ, ಅದು ಊರಿನ ನೆನಪಿನಲ್ಲಿ ಕಂಡ ಭ್ರಮೆಯಲ್ಲ.

ಭಾರತದೊಳಗೆ ಇದಕ್ಕೆ ಬೇಕಾದ್ದು ಎರಡೇ: ಅಡಗಲು ಪೊದೆ, ತಿನ್ನಲು ಇಲಿ ಹುಳು. ದಟ್ಟ ಮಳೆಕಾಡಿಗಿಂತ ಕುರುಚಲು, ಬಂಡೆಗುಡ್ಡ, ಉಳುಮೆಯ ಹೊಲ ಇದಕ್ಕೆ ಒಗ್ಗುತ್ತವೆ. ಬೆಂಗಳೂರಿನ ಲಾಲ್‌ಬಾಗ್, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಂಥ ಕಡೆ ಇನ್ನೂ ಉಳಿದಿರುವುದಕ್ಕೆ ಕಾರಣವೂ ಇಷ್ಟೆ. ಬೇಲಿ ಕಿತ್ತು ಕಾಂಪೌಂಡ್ ಗೋಡೆ ಕಟ್ಟಿ, ನೆಲಕ್ಕೆಲ್ಲ ಸಿಮೆಂಟು ಹಾಸಿದ ಬಡಾವಣೆಯಿಂದ ಅದು ಸದ್ದಿಲ್ಲದೆ ಹೊರಟು ಹೋಗುತ್ತದೆ.

ಪ್ರಶ್ನೆ: ಅದು ನಿಜವಾಗಿ ತಿನ್ನುವುದು ಏನನ್ನು?

ಸಿಕ್ಕಿದ್ದನ್ನು. ಇಲಿ, ಹೆಗ್ಗಣದ ಮರಿ, ಜೀರುಂಡೆ, ಮಿಡತೆ, ಚೇಳು, ಜರಿ, ಓತಿಕ್ಯಾತ, ಕಪ್ಪೆ, ಏಡಿ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿ, ಅದರ ಮೊಟ್ಟೆ, ಉದುರಿದ ಹಣ್ಣು, ರಸ್ತೆಯಲ್ಲಿ ಸತ್ತು ಬಿದ್ದದ್ದು, ಮದುವೆ ಛತ್ರದ ಹಿಂದಿನ ಎಂಜಲು. ಇದರ ನಡುವೆ ಹಾವೂ ಒಂದು. ಊಟದ ಬಹುಪಾಲು ಇಲಿ ಮತ್ತು ಹುಳುಗಳದ್ದೇ.

ಬೇಟೆ ನೋಡಬೇಕೆಂದರೆ ಬೆಳಗಿನ ಎಳೆಬಿಸಿಲಿನಲ್ಲಿ ದನ ಮೇಯುವ ಬಯಲಿಗೆ ಹೋಗಿ. ಮುಂಗುಸಿ ಮೂಗನ್ನು ನೆಲಕ್ಕೆ ತಾಗಿಸಿಕೊಂಡೇ ಬರುತ್ತದೆ. ಒಣಗಿದ ಸಗಣಿಯೊಂದರ ಬಳಿ ನಿಂತು ಮೂಸಿ, ಮುಂಗಾಲಿನಿಂದ ಅಂಚನ್ನು ಎತ್ತಿ ಮಗುಚುತ್ತದೆ. ಕೆಳಗಿನ ತೇವದ ಮಣ್ಣಿನಲ್ಲಿ ಸಗಣಿ ಜೀರುಂಡೆ ಹರಿದಾಡಿದರೆ ಒಂದೇ ಬಾಯಿಗೆ ಹಿಡಿದು ತಲೆ ಓರೆ ಮಾಡಿ ಕರುಂಕರುಂ ಅಗಿಯುತ್ತದೆ, ಗಟ್ಟಿ ರೆಕ್ಕೆಚಿಪ್ಪು ಪಕ್ಕಕ್ಕೆ ಉದುರುತ್ತದೆ. ಏನೂ ಇಲ್ಲದಿದ್ದರೆ ಮುಂದಿನ ಸಗಣಿಗೆ. ನಡುನಡುವೆ ಹಿಂಗಾಲ ಮೇಲೆ ನೆಟ್ಟಗೆ ಎದ್ದು ನಾಯಿ, ಗಿಡುಗ ಏನಾದರೂ ಇದೆಯೇ ಎಂದು ಸುತ್ತ ನೋಡುತ್ತದೆ. ಅರ್ಧ ಗಂಟೆ ಹೀಗೇ ನಡೆಯುತ್ತದೆ. ಹಾವಿನ ಕಾಳಗ ನೋಡಲು ಹೋದವರಿಗೆ ಇದು ಬೇಸರ ತರಬಹುದು, ಆದರೆ ಮುಂಗುಸಿಯ ದಿನ ಎಂದರೆ ಇದೇ.

ಪ್ರಶ್ನೆ: ಮೊಟ್ಟೆ ಒಡೆಯುವುದು ಹೇಗೆ?

ಸಣ್ಣ ಮೊಟ್ಟೆಯಾದರೆ ಕಚ್ಚಿಯೇ ಒಡೆಯುತ್ತದೆ. ಬಾಯಿಗೆ ದಕ್ಕದ ದೊಡ್ಡ ಮೊಟ್ಟೆಯಾದರೆ ಮುಂಗಾಲುಗಳಲ್ಲಿ ಹಿಡಿದು, ಕಲ್ಲಿಗೋ ಗೋಡೆಗೋ ಬೆನ್ನು ಮಾಡಿ ನಿಂತು, ತನ್ನದೇ ಹಿಂಗಾಲುಗಳ ಸಂದಿಯಿಂದ ರಭಸವಾಗಿ ಹಿಂದಕ್ಕೆ ಎಸೆಯುತ್ತದೆ. ಒಡೆಯದಿದ್ದರೆ ಉರುಳಿಸಿಕೊಂಡು ಬಂದು ಮತ್ತೆ ಎಸೆಯುತ್ತದೆ. ಬೇರೆ ಮುಂಗುಸಿ ಪ್ರಭೇದಗಳಲ್ಲೂ ಈ ಅಭ್ಯಾಸವಿದೆ.

ಪ್ರಶ್ನೆ: ನಾಗರಹಾವು ಕಚ್ಚಿದರೂ ಮುಂಗುಸಿ ಸಾಯುವುದಿಲ್ಲವೇಕೆ?

ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು.

ನಮ್ಮ ದೇಹದಲ್ಲಿ ಸ್ನಾಯು ಕೆಲಸ ಮಾಡಬೇಕಾದರೆ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಟು ಸ್ನಾಯುವಿನ ಮೇಲಿರುವ ಗ್ರಾಹಕ ಪ್ರೋಟೀನಿಗೆ ಕೂರಬೇಕು. ಕೂತರೆ ಸ್ನಾಯು ಸಂಕುಚಿಸುತ್ತದೆ. ಗ್ರಾಹಕವನ್ನು ಬೀಗ ಎಂದುಕೊಂಡರೆ ಅಸಿಟೈಲ್‌ಕೋಲಿನ್ ಅದರ ಕೀಲಿಕೈ. ನಾಗರಹಾವಿನ ವಿಷದಲ್ಲಿರುವ ಆಲ್ಫಾ ನ್ಯೂರೋಟಾಕ್ಸಿನ್ ಆ ಬೀಗದ ಕಿಂಡಿಯಲ್ಲೇ ಹೋಗಿ ಜಾಮ್ ಆಗಿ ಕೂರುತ್ತದೆ. ನಿಜವಾದ ಕೀಲಿಕೈಗೆ ಜಾಗವಿಲ್ಲ. ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. ನಾಗರ ಕಚ್ಚಿದ ಮನುಷ್ಯ ಚಿಕಿತ್ಸೆಯಿಲ್ಲದೆ ಸಾಯುವುದು ಹೀಗೆ.

ಮುಂಗುಸಿಯಲ್ಲಿ ಆ ಗ್ರಾಹಕದ ರಚನೆಯೇ ಬೇರೆ. ವಿಷ ಅಂಟಬೇಕಾದ ಸ್ಥಳದಲ್ಲಿ ಪ್ರೋಟೀನಿನ ಬಿಡಿಭಾಗಗಳಾದ ಕೆಲವು ಅಮೈನೋ ಆಮ್ಲಗಳು ಬದಲಾಗಿವೆ, ಜೊತೆಗೆ ಒಂದು ಸಕ್ಕರೆಯ ಸರಪಳಿ ಅಡ್ಡ ನಿಂತಿದೆ. ಪುಟ್ಟ ಅಸಿಟೈಲ್‌ಕೋಲಿನ್ ಒಳಗೆ ನುಸುಳುತ್ತದೆ, ದೊಡ್ಡ ವಿಷದ ಅಣುವಿಗೆ ದಾರಿಯಿಲ್ಲ. ಇಸ್ರೇಲಿನ ವಿಜ್ಞಾನಿಗಳು ಈಜಿಪ್ಟಿನ ಮುಂಗುಸಿಯಲ್ಲಿ ಇದನ್ನು ಬಿಡಿಸಿ ತೋರಿಸಿ 1992ರಲ್ಲಿ ಪ್ರಕಟಿಸಿದರು. ಇನ್ನೂ ಸ್ವಾರಸ್ಯದ ಸಂಗತಿ ಎಂದರೆ ನಾಗರಹಾವು ತನ್ನ ವಿಷದಿಂದ ತಾನೇ ಸಾಯದಿರುವುದಕ್ಕೂ ಇಂಥದೇ ಸಕ್ಕರೆಯ ಅಡ್ಡಗಟ್ಟು ಕಾರಣ. ಹಾವು ಮುಂಗುಸಿಗಳಂತೆ ಕಚ್ಚಾಡುವವರು ಎಂದು ಬೈಯುತ್ತೇವಲ್ಲ, ಒಳಗಿನ ರಕ್ಷಣೆಯ ವಿಷಯದಲ್ಲಿ ಇಬ್ಬರದೂ ಒಂದೇ ಉಪಾಯ.

ಮುಂಗುಸಿ ಸಾಯುವುದೇ ಇಲ್ಲ ಎಂದು ಮಾತ್ರ ಇದರಿಂದ ತಿಳಿಯಬಾರದು. ನಿರೋಧ ಇದೆ, ಅಮರತ್ವ ಇಲ್ಲ. ವಿಷದ ಪ್ರಮಾಣ ಹೆಚ್ಚಾದರೆ ಅದೂ ಸಾಯುತ್ತದೆ. ಅಲ್ಲದೆ ಕೊಳಕುಮಂಡಲದ ವಿಷ ಮುಖ್ಯವಾಗಿ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಹಾಳುಮಾಡುವಂಥದು. ನರ-ಸ್ನಾಯುವಿನ ಗ್ರಾಹಕದಲ್ಲಿರುವ ಬದಲಾವಣೆ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಪ್ರಶ್ನೆ: ಕಾಳಗಕ್ಕೆ ಮುಂಚೆ ಅಥವಾ ಆಮೇಲೆ ಯಾವುದೋ ಬೇರು ತಿಂದು ವಿಷ ಇಳಿಸಿಕೊಳ್ಳುತ್ತದಂತೆ?

ತಲೆಮಾರುಗಳಿಂದ ಬಂದ ನಂಬಿಕೆ, ಸತ್ಯವಲ್ಲ. ಈ ಕಥೆ ಎಷ್ಟು ದೂರ ಹೋಯಿತೆಂದರೆ ಲಿನೇಯಸ್ ಒಂದು ಗಿಡಕ್ಕೆ ಒಫಿಯೊರೈಜ಼ ಮುಂಗೋಸ್ ಎಂದೇ ಹೆಸರಿಟ್ಟ. ನಮ್ಮಲ್ಲಿ ಸರ್ಪಗಂಧ, ಈಶ್ವರಿ ಬಳ್ಳಿಯ ಹೆಸರು ಈ ಕಥೆಯೊಂದಿಗೆ ಸೇರಿಕೊಂಡಿವೆ. ರಕ್ಷಣೆ ಹುಟ್ಟಿನಿಂದಲೇ ಬಂದಿರುವಾಗ ಮುಂಗುಸಿಗೆ ಬೇರಿನ ಹಂಗಿಲ್ಲ.

ನಿರುಪದ್ರವಿ ಕಥೆಯಲ್ಲವೇ ಎನ್ನಬೇಡಿ. ಮುಂಗುಸಿ ತಿನ್ನುವ ಬೇರು ಎಂದು ನಂಬಿ ಯಾರೋ ಕೊಟ್ಟ ಔಷಧಿ ಅರೆದು ಕುಡಿಸುತ್ತಾ ಗಂಟೆಗಟ್ಟಲೆ ಕಳೆಯುವುದರಿಂದಲೇ ಹಾವು ಕಚ್ಚಿದವರ ಜೀವ ಹೋಗುತ್ತದೆ. ಮನುಷ್ಯರಿಗೆ ಇರುವ ಮದ್ದು ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷದ ಇಂಜೆಕ್ಷನ್ ಒಂದೇ.

ಪ್ರಶ್ನೆ: ಜಗಳದಲ್ಲಿ ಯಾವಾಗಲೂ ಮುಂಗುಸಿಯೇ ಗೆಲ್ಲುವುದೇ?

ಹೆಚ್ಚಾಗಿ. ಅದಕ್ಕೆ ವಿಷನಿರೋಧಕ್ಕಿಂತ ವೇಗ ಮತ್ತು ತಾಳ್ಮೆ ಮುಖ್ಯ ಕಾರಣ. ನಾಗರಹಾವು ಹೆಡೆಯೆತ್ತಿ ನಿಂತಾಗ ಎತ್ತಿದ ಮೈ ಎಷ್ಟಿದೆಯೋ ಸುಮಾರು ಅಷ್ಟು ದೂರಕ್ಕೆ ಮಾತ್ರ ಬಡಿಯಬಲ್ಲದು. ಮುಂಗುಸಿ ಆ ಅಳತೆಯ ಅಂಚಿನಲ್ಲೇ ಕುಣಿಯುತ್ತದೆ. ಮೈಕೂದಲೆಲ್ಲ ನಿಮಿರಿಸಿ ಗಾತ್ರ ಹೆಚ್ಚಿಸಿಕೊಂಡಿರುತ್ತದೆ, ಹಾವಿನ ಹಲ್ಲು ಚರ್ಮಕ್ಕೆ ತಾಗುವ ಬದಲು ಒರಟು ಕೂದಲಿಗೆ ಸಿಕ್ಕುವ ಸಂಭವ ಹೆಚ್ಚು. ಹಾವು ಬಡಿದು ಬಡಿದು ದಣಿದಾಗ, ತಲೆ ನೆಲಕ್ಕೆ ತಾಗಿದ ಕ್ಷಣದಲ್ಲಿ, ತಲೆಯ ಹಿಂಭಾಗವನ್ನೋ ದವಡೆಯನ್ನೋ ಕಚ್ಚಿ ಹಿಡಿದು ಬಿಡದೆ ಅಗಿಯುತ್ತದೆ. ಹಾವು ದೊಡ್ಡದಾಗಿದ್ದು ಸಮಯ ಸರಿಯಿಲ್ಲ ಅನ್ನಿಸಿದರೆ ಮುಂಗುಸಿ ಬಿಟ್ಟು ಹೋಗುವುದೂ ಉಂಟು. ಅದಕ್ಕೆ ಪ್ರತಿಷ್ಠೆಯ ಪ್ರಶ್ನೆ ಇಲ್ಲ.

ಸಂತೆಯ ಬಯಲಿನಲ್ಲಿ ಹಾವಾಡಿಗರು ‘ಈಗ ಬಿಡ್ತೀನಿ, ಈಗ ಬಿಡ್ತೀನಿ’ ಎನ್ನುತ್ತಾ ಗೂಟಕ್ಕೆ ಕಟ್ಟಿದ ಮುಂಗುಸಿ ತೋರಿಸಿ ತಾಯತ ಮಾರುತ್ತಿದ್ದದ್ದು ಹಳಬರಿಗೆ ನೆನಪಿರಬೇಕು. ತಾಯತ ಮುಗಿದರೂ ಕಾಳಗ ಶುರುವಾಗುತ್ತಿರಲಿಲ್ಲ. ಶುರುವಾದ ಕಡೆ ಹಾವಿನ ಹಲ್ಲು ಮೊದಲೇ ಕಿತ್ತಿರುತ್ತಿದ್ದರು. ಇಂಥ ಪ್ರದರ್ಶನ ಈಗ ಅಪರಾಧ.

ಪ್ರಶ್ನೆ: ಮನೆ ಹತ್ತಿರ ಮುಂಗುಸಿ ಇದ್ದರೆ ಹಾವು ಬರುವುದಿಲ್ಲವೇ?

ಹಾಗೆಂದು ಬಾಗಿಲು ತೆರೆದಿಟ್ಟು ಮಲಗಬೇಡಿ. ಮುಂಗುಸಿ ಇರುವಲ್ಲಿ ಹಾವೂ ಇರುತ್ತದೆ, ಏಕೆಂದರೆ ಇಬ್ಬರೂ ಬರುವುದು ಅದೇ ಇಲಿಯ ಹಿಂದೆ. ಕಟ್ಟುಹಾವಿನಂಥ ವಿಷದ ಹಾವು ಹೊರಗೆ ಬರುವುದು ರಾತ್ರಿ, ಆ ಹೊತ್ತಿಗೆ ನಮ್ಮ ಮುಂಗುಸಿ ಬಿಲದಲ್ಲಿ ನಿದ್ದೆಯಲ್ಲಿರುತ್ತದೆ. ಹಾವು ಬೇಡವೆಂದರೆ ಮನೆ ಸುತ್ತಲಿನ ಕಸದ ರಾಶಿ, ಇಲಿಬಿಲ ತೆಗೆಯುವುದೇ ದಾರಿ.

ಪ್ರಶ್ನೆ: ಹಗಲಿನಲ್ಲಿ ಮಾತ್ರ ಓಡಾಡುತ್ತದೆಯೇ? ಎಲ್ಲಿ ವಾಸ?

ಬೂದು ಮುಂಗುಸಿ ಹಗಲಿನ ಪ್ರಾಣಿ. ಬೆಳಿಗ್ಗೆ ಮತ್ತು ಸಂಜೆ ಚುರುಕು, ಬಿರುಬಿಸಿಲಿನಲ್ಲಿ ವಿಶ್ರಾಂತಿ. ತಾನೇ ತೋಡಿದ ಬಿಲ, ಹಳೆಯ ಹುತ್ತ, ಕಲ್ಲುಗುಪ್ಪೆ, ರಸ್ತೆಯ ಮೋರಿ, ಬೇಲಿಯ ಕಳ್ಳಿಮೆಳೆಯ ಬುಡ, ಎಲ್ಲವೂ ಆಗುತ್ತದೆ. ಸಾಮಾನ್ಯವಾಗಿ ಒಂಟಿ. ಮೂರು ನಾಲ್ಕು ಒಟ್ಟಿಗೆ ಒಂದರ ಹಿಂದೆ ಒಂದು ಹೋಗುತ್ತಿದ್ದರೆ ಅದು ತಾಯಿ ಮತ್ತು ಬೆಳೆದ ಮರಿಗಳ ಸಂಸಾರ.

ಬಾಲದ ಬುಡದ ಗ್ರಂಥಿಗಳಿಂದ ಕಲ್ಲು, ಬೇರುಗಳಿಗೆ ವಾಸನೆ ಒರೆಸಿ ಗಡಿ ಗುರುತು ಹಾಕುತ್ತದೆ. ಧೂಳಿನಲ್ಲಿ ಹೆಜ್ಜೆ ಹುಡುಕುವವರಿಗೆ ಒಂದು ಸುಳಿವು: ಮುಂಗುಸಿಗೆ ಪ್ರತಿ ಪಾದದಲ್ಲೂ ಐದು ಬೆರಳು, ಮುಂದೆ ಉಗುರಿನ ಚುಕ್ಕೆಗಳು ಸ್ಪಷ್ಟ. ಬೆಕ್ಕಿನ ಹೆಜ್ಜೆಯಲ್ಲಿ ನಾಲ್ಕೇ ಬೆರಳು, ಉಗುರು ಮೂಡುವುದಿಲ್ಲ. ಅದರ ಹಿಕ್ಕೆ ಕಡ್ಡಿಯಿಂದ ಕೆದಕಿದರೆ ಇಲಿಯ ಕೂದಲು, ಹೊಳೆಯುವ ಜೀರುಂಡೆ ಚಿಪ್ಪಿನ ಚೂರು ಸಿಗುತ್ತವೆ.

ಪ್ರಶ್ನೆ: ಮರಿ ಹಾಕುವುದು ಯಾವಾಗ, ಎಷ್ಟು?

ವರ್ಷಕ್ಕೆ ಎರಡು ಮೂರು ಸೂಲು. ಗರ್ಭದ ಅವಧಿ 60ರಿಂದ 65 ದಿನ, ಸೂಲಿಗೆ ಎರಡರಿಂದ ನಾಲ್ಕು ಮರಿ. ಹುಟ್ಟುವಾಗ ಕಣ್ಣು ಮುಚ್ಚಿರುತ್ತವೆ. ಬಿಲದ ಬಳಿ ಅಪಾಯ ಕಂಡರೆ ತಾಯಿ ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೆ ಕಡೆ ಸಾಗಿಸುತ್ತದೆ. ಕಾಡಿನಲ್ಲಿ ಏಳೆಂಟು ವರ್ಷ ಬದುಕಿದರೆ ಹೆಚ್ಚು, ಸಾಕಿದಲ್ಲಿ 12 ದಾಟಿದ್ದೂ ಇದೆ.

ಪ್ರಶ್ನೆ: ಕೋಳಿ ಹಿಡಿಯುತ್ತದೆ. ಏನು ಮಾಡುವುದು?

ಹಿಡಿಯುತ್ತದೆ, ಸುಳ್ಳಲ್ಲ. ಮರಿಗಳ ಮೇಲೆ ಕಣ್ಣು ಹೆಚ್ಚು, ಮೊಟ್ಟೆ ಬಿಡುವುದೇ ಇಲ್ಲ. ಮುಂಗುಸಿಯ ತಲೆ ತೂರುವಷ್ಟು ಸಂದಿ ಸಿಕ್ಕರೆ ಮೈಯೂ ತೂರಿತೆಂದೇ ಲೆಕ್ಕ, ಆದ್ದರಿಂದ ಅಗಲ ಕಣ್ಣಿನ ಕೋಳಿಜಾಲರಿ ಸಾಲದು; ಸಣ್ಣ ಕಣ್ಣಿನ ಬೆಸುಗೆ ಜಾಲರಿ ಬೇಕು. ಅದನ್ನು ನೆಲಮಟ್ಟಕ್ಕೆ ನಿಲ್ಲಿಸದೆ ಒಂದಡಿ ಮಣ್ಣಿನೊಳಗೆ ಹೂಳಬೇಕು, ಇಲ್ಲದಿದ್ದರೆ ಕೆಳಗಿನಿಂದ ತೋಡುತ್ತದೆ. ಹಗಲಿನಲ್ಲಿ ಬರುವ ಕಳ್ಳನಾದ್ದರಿಂದ ರಾತ್ರಿ ಮಾತ್ರ ಗೂಡು ಮುಚ್ಚುವ ಅಭ್ಯಾಸ ಪ್ರಯೋಜನವಿಲ್ಲ. ಮರಿಗಳಿರುವಷ್ಟು ದಿನ ಹಗಲೂ ಒಳಗಿಡಿ.

ಉರುಳು, ವಿಷ ಇಡುವ ಯೋಚನೆ ಬಿಡಿ. ಕಾನೂನಿನ ಮಾತು ಹಾಗಿರಲಿ, ಹೊಲದ ಇಲಿ ತಿನ್ನುವವರನ್ನು ತೆಗೆದರೆ ಕೋಳಿಯಲ್ಲಿ ಉಳಿಸಿದ್ದನ್ನು ಭತ್ತ, ಕಡಲೆಕಾಯಿಯಲ್ಲಿ ಕಳೆಯುತ್ತೀರಿ.

ಪ್ರಶ್ನೆ: ಮುಂಗುಸಿ ಕಚ್ಚಿದರೆ?

ಅದರ ಬಾಯಲ್ಲಿ ವಿಷವಿಲ್ಲ. ಆದರೆ ಎಲ್ಲ ಸಸ್ತನಿಗಳಂತೆ ರೇಬೀಸ್ ತಗುಲಬಲ್ಲ ಪ್ರಾಣಿ ಅದು. ಕೆರಿಬಿಯನ್ ದ್ವೀಪಗಳಾದ ಪೋರ್ಟೊರಿಕೊ, ಗ್ರೆನಡಾಗಳಲ್ಲಿ ರೇಬೀಸ್ ಉಳಿದುಕೊಂಡಿರುವುದೇ ಮುಂಗುಸಿಗಳಲ್ಲಿ. ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರು, ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ, ನಾಯಿ ಕಚ್ಚಿದಾಗ ಮಾಡುವ ಎಲ್ಲವನ್ನೂ ಮಾಡಿಸಿ. ಮುಂಗುಸಿ ತಾನಾಗಿ ಮನುಷ್ಯರ ಮೇಲೆರಗುವುದು ತೀರಾ ಅಪರೂಪ. ಹಾಗೆ ಎರಗಿತು ಎಂದರೇ ಅನುಮಾನ ಪಡಬೇಕು.

ಪ್ರಶ್ನೆ: ಹವಾಯಿಯಲ್ಲಿ, ಜಮೈಕಾದಲ್ಲಿ ಮುಂಗುಸಿ ಶತ್ರು ಎನ್ನುತ್ತಾರೆ. ಅಲ್ಲಿಗೆ ಹೇಗೆ ಹೋಯಿತು?

ಹಡಗಿನಲ್ಲಿ, ಕಬ್ಬಿನ ತೋಟದ ಸಾಹುಕಾರರ ಖರ್ಚಿನಲ್ಲಿ. 1872ರಲ್ಲಿ ಜಮೈಕಾದ ತೋಟಗಾರ ಬ್ಯಾಂಕ್ರಾಫ್ಟ್ ಎಸ್ಪ್ಯೂಟ್ ಕಬ್ಬು ಕಡಿಯುವ ಇಲಿಗಳ ಕಾಟ ತಾಳದೆ ಕಲ್ಕತ್ತಾದಿಂದ ಒಂಬತ್ತು ಕಿರು ಮುಂಗುಸಿಗಳನ್ನು ತರಿಸಿದ. ಅವುಗಳ ಸಂತಾನವೇ ಕೆರಿಬಿಯನ್ ದ್ವೀಪಗಳಿಗೆ ಹಂಚಿಹೋಯಿತು, 1883ರಲ್ಲಿ ಹವಾಯಿಗೂ ತಲುಪಿತು. ಮುಂಗುಸಿ ದುಡಿಯುವುದು ಹಗಲು, ಇಲಿ ಹೊರಡುವುದು ರಾತ್ರಿ ಎಂಬ ಸಣ್ಣ ವಿಷಯ ಯಾರೂ ಯೋಚಿಸಿದಂತಿಲ್ಲ. ಇಲಿ ಸಿಕ್ಕಷ್ಟು ತಿಂದು ಉಳಿದ ಹೊಟ್ಟೆಗೆ ಮುಂಗುಸಿ ನೆಲದಲ್ಲಿ ಗೂಡಿಡುವ ಹಕ್ಕಿ, ಹಲ್ಲಿ, ಕಡಲಾಮೆಯ ಮೊಟ್ಟೆಗೆ ಬಾಯಿ ಹಾಕಿತು. ಇಂಥ ಬೇಟೆಗಾರನನ್ನೇ ಕಾಣದೆ ಬೆಳೆದ ದ್ವೀಪದ ಜೀವಿಗಳಿಗೆ ತಪ್ಪಿಸಿಕೊಳ್ಳಲೂ ಬರುತ್ತಿರಲಿಲ್ಲ.

ಜಪಾನಿನದು ಇನ್ನೂ ವಿಚಿತ್ರ. ಅಲ್ಲಿ ಹಬು ಎಂಬ ವಿಷದ ಹಾವನ್ನು ನಿಗ್ರಹಿಸಲೆಂದು 1910ರಲ್ಲಿ ಓಕಿನಾವಾದಲ್ಲಿ, 1979ರಲ್ಲಿ ಅಮಾಮಿ ಓಷಿಮಾದಲ್ಲಿ ಮುಂಗುಸಿ ಬಿಟ್ಟರು. ಹಬು ರಾತ್ರಿಯ ಹಾವು, ಹಾಗಾಗಿ ಇಬ್ಬರ ಭೇಟಿಯೇ ಅಪರೂಪ. ಮುಂಗುಸಿ ಹೋಗಿ ಹಿಡಿದದ್ದು ಅಮಾಮಿ ಮತ್ತು ಪಕ್ಕದ ಒಂದು ದ್ವೀಪ ಬಿಟ್ಟರೆ ಬೇರೆಲ್ಲೂ ಇಲ್ಲದ ಅಮಾಮಿ ಮೊಲವನ್ನು. ಬೋನು, ತರಬೇತಾದ ನಾಯಿ ಎಲ್ಲ ಬಳಸಿ ವರ್ಷಗಟ್ಟಲೆ ಹಿಡಿದು, ಕೊನೆಗೆ 2024ರ ಸೆಪ್ಟೆಂಬರಿನಲ್ಲಿ ಅಮಾಮಿ ಮುಂಗುಸಿಮುಕ್ತ ಎಂದು ಜಪಾನ್ ಸರ್ಕಾರ ಘೋಷಿಸಿತು.

ಕಿರು ಮುಂಗುಸಿ ಇಂದು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ 100 ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ‘ಹಾವು ಕೊಲ್ಲುವ ಪ್ರಾಣಿ’ ಎಂಬ ಅರ್ಧ ಸತ್ಯವನ್ನು ಪೂರ್ತಿ ನಂಬಿದವರು ತೆತ್ತ ಬೆಲೆ ಇದು.

ಪ್ರಶ್ನೆ: ಪೇಂಟ್ ಬ್ರಷ್‌ಗೂ ಮುಂಗುಸಿಗೂ ಏನು ಸಂಬಂಧ?

ಉಂಗುರದ ಕೂದಲಿನ ಮಾತು ಮೊದಲೇ ಬಂತಲ್ಲ. ಆ ಕೂದಲು ಗಟ್ಟಿ, ತುದಿ ಸಪೂರ, ಬಣ್ಣ ಹಿಡಿದಿಡುತ್ತದೆ. ಚಿತ್ರಕಾರರ ಕುಂಚಕ್ಕೆ ಹೇಳಿ ಮಾಡಿಸಿದಂತಿದೆ. ಹಾಗಾಗಿ ನಮ್ಮ ದೇಶದ ಮುಂಗುಸಿಗಳಿಗೆ ಹಾವಿಗಿಂತ ದೊಡ್ಡ ವೈರಿ ಕುಂಚದ ದಂಧೆ. ಒಂದು ಕಿಲೋ ಕೂದಲಿಗೆ ಸುಮಾರು 50 ಮುಂಗುಸಿಗಳು ಸಾಯಬೇಕು. ಬಲೆ, ಉರುಳು ಹಾಕಿ ಹಿಡಿದು, ಬಡಿದು ಕೊಂದು, ಬಾಲದ ಮತ್ತು ಮೈಯ ಕೂದಲು ಕಿತ್ತು ಸಾಗಿಸುವ ಜಾಲ ಹಲವು ರಾಜ್ಯಗಳಲ್ಲಿ ಹಬ್ಬಿದೆ. ಉತ್ತರ ಪ್ರದೇಶದ ಬಿಜನೋರ್ ಜಿಲ್ಲೆಯ ಶೇರ್‌ಕೋಟ್ ಕುಂಚ ತಯಾರಿಕೆಗೆ ಹೆಸರಾದ ಊರು, ಅಲ್ಲಿ ದಾಳಿಗಳಾಗಿವೆ. 2019ರ ಅಕ್ಟೋಬರಿನಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ ‘ಆಪರೇಷನ್ ಕ್ಲೀನ್ ಆರ್ಟ್’ ಹೆಸರಿನಲ್ಲಿ ಒಂದೇ ಸಲಕ್ಕೆ ಹಲವು ರಾಜ್ಯಗಳ ಕುಂಚ ತಯಾರಕರು, ಅಂಗಡಿಗಳ ಮೇಲೆ ಕಾರ್ಯಾಚರಣೆ ನಡೆಸಿತು.

ಅಂಗಡಿಯಲ್ಲಿ ಕುಂಚ ಕೈಗೆತ್ತಿಕೊಂಡಾಗ ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ತುದಿ ಗಾಢ ಕಂದು, ನಡುವೆ ಕೆನೆಬಣ್ಣದ ಪಟ್ಟೆ, ಬುಡದ ಕಡೆ ಮತ್ತೆ ಗಾಢ ಎಂದಿದ್ದರೆ ಅದು ಮುಂಗುಸಿಯದ್ದಿರುವ ಸಾಧ್ಯತೆ ಬಲವಾಗಿದೆ. ನೈಲಾನ್ ಕುಂಚದ ಎಳೆ ಬುಡದಿಂದ ತುದಿಯವರೆಗೆ ಒಂದೇ ನುಣುಪಾಗಿರುತ್ತದೆ. ಮಕ್ಕಳ ಚಿತ್ರಕಲೆಗೆ, ಅಷ್ಟೇಕೆ ವೃತ್ತಿಯವರಿಗೂ, ಈಗ ಒಳ್ಳೆಯ ಕೃತಕ ಕುಂಚಗಳು ಸಿಗುತ್ತವೆ.

ಪ್ರಶ್ನೆ: ಸಾಕಬಹುದೇ?

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮುಂಗುಸಿ ರಕ್ಷಿತ ಪ್ರಾಣಿ. ಹಿಡಿಯುವುದು, ಸಾಕುವುದು, ಮಾರುವುದು, ಅದರ ಕೂದಲು ಇಟ್ಟುಕೊಳ್ಳುವುದು ಎಲ್ಲಕ್ಕೂ ಜೈಲು, ದಂಡ ಇದೆ. ಹಿಂದೆ ಮನೆಗಳಲ್ಲಿ ಮುಂಗುಸಿ ಸಾಕುತ್ತಿದ್ದರು ನಿಜ. ತೊಟ್ಟಿಲ ಮಗುವನ್ನು ಕಾಪಾಡಿದ ಮುಂಗುಸಿಯನ್ನು ತಾಯಿ ಅವಸರಪಟ್ಟು ಕೊಂದ ಕಥೆ ಕೇಳದೆ ಬೆಳೆದವರು ಕಡಿಮೆ. ಕಥೆ ಕಥೆಯಾಗಿಯೇ ಇರಲಿ.

ಪ್ರಶ್ನೆ: ಅಳಿವಿನ ಅಂಚಿನಲ್ಲಿದೆಯೇ?

ಬೂದು ಮುಂಗುಸಿ ಐಯುಸಿಎನ್ ಪಟ್ಟಿಯಲ್ಲಿ ‘ಕಡಿಮೆ ಆತಂಕ’ದ ಗುಂಪಿನಲ್ಲಿದೆ. ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ಕಣ್ಣಿಡುವ ಸೈಟಿಸ್ ಒಪ್ಪಂದದ ಮೂರನೇ ಅನುಬಂಧದಲ್ಲೂ ಭಾರತದ ಕೋರಿಕೆಯ ಮೇಲೆ ಸೇರಿದೆ. ಒಟ್ಟಾರೆ ಪ್ರಭೇದಕ್ಕೆ ತಕ್ಷಣದ ಅಪಾಯವಿಲ್ಲ. ಕುಂಚದ ಬೇಟೆಗಾರರು ಬಂದುಹೋದ ತಾಲೂಕಿನ ಮಾತು ಬೇರೆ, ಹೊಸ ನಾಲ್ಕು ಪಥದ ರಸ್ತೆ ಸೀಳಿಕೊಂಡು ಹೋದ ಊರಿನ ಮಾತು ಬೇರೆ. ಬೀದಿನಾಯಿಗಳ ಹಿಂಡೂ ಮರಿಗಳನ್ನು ಬಿಡುವುದಿಲ್ಲ.

ಪ್ರಶ್ನೆ: ಮುಂಗುಸಿ ಎದುರಾದರೆ ಶುಭವೇ?

ನಮ್ಮ ಕಡೆ ಹಲವರು ಹಾಗೆ ನಂಬುತ್ತಾರೆ. ಬೆಕ್ಕಿಗಿಲ್ಲದ ಅದೃಷ್ಟ ಇದಕ್ಕೆ.

ಪ್ರಶ್ನೆ: ತೋಟದಲ್ಲಿ ಮರಿಗಳು ಸಿಕ್ಕಿವೆ, ತಾಯಿ ಕಾಣುತ್ತಿಲ್ಲ. ಏನು ಮಾಡಲಿ?

ಮುಟ್ಟದೆ ದೂರ ಸರಿಯಿರಿ. ಜೆಸಿಬಿ ಕೆಲಸವೋ ಕಳೆ ಕೀಳುವುದೋ ನಡೆಯುತ್ತಿದ್ದರೆ ಆ ಮೂಲೆಯಲ್ಲಿ ಸಂಜೆಯವರೆಗೆ ನಿಲ್ಲಿಸಿ, ನಾಯಿಯನ್ನು ಕಟ್ಟಿಹಾಕಿ. ತಾಯಿ ಹತ್ತಿರದ ಪೊದೆಯಲ್ಲೇ ನಿಂತು ನೀವು ಹೋಗುವುದನ್ನು ಕಾಯುತ್ತಿರುವ ಸಂಭವವೇ ಹೆಚ್ಚು; ಬಂದು ಒಂದೊಂದಾಗಿ ಸಾಗಿಸುತ್ತದೆ. ಕತ್ತಲಾದರೂ ಬಾರದಿದ್ದರೆ, ಅಥವಾ ತಾಯಿ ಸತ್ತದ್ದು ಕಣ್ಣಿಗೆ ಬಿದ್ದಿದ್ದರೆ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಅಷ್ಟರವರೆಗೆ ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಹಳೆಯ ಬಟ್ಟೆ ಹಾಸಿ, ಬೆಚ್ಚಗೆ, ಕತ್ತಲಲ್ಲಿಡಿ. ಬರಿಗೈಯಲ್ಲಿ ಮುಟ್ಟಬೇಡಿ, ಹಸುವಿನ ಹಾಲು ಕುಡಿಸಬೇಡಿ. ಕಣ್ಣು ಬಿಡದ ಮರಿಗೆ ಅದರಿಂದ ಭೇದಿಯಾಗುತ್ತದೆ.